ಎಡಗಡೆಯ ಮೂರನೇ ಗಾಲಿ

ಗಂಡನ ಹೆಸರು ಹೇಳಬಾರದು ಎಂದು ನನ್ನ ಅತ್ತೆ ಮದುವೆಯಾದ ಮರುದಿನವೇ ಹೇಳಿಕೊಟ್ಟಿದ್ದರು. ಒಂಬತ್ತು ವರ್ಷ ಆ ಮಾತು ಮೀರಲಿಲ್ಲ. ಈಗ ಮೀರುತ್ತೇನೆ, ಯಾಕೆಂದರೆ ಹೆಸರಿಲ್ಲದೆ ಈ ಕಥೆ ಹೇಳಿದರೆ ಇದು ಯಾವನೋ ಕಟುಕನ ಕಥೆ ಎಂದು ನೀವು ಅಂದುಕೊಂಡೀರಿ. ನನ್ನ ಗಂಡನ ಹೆಸರು ಫಕ್ಕೀರಪ್ಪ. ಕುಡಿಯುವವರಲ್ಲ, ಕೈಮಾಡಿದವರಲ್ಲ, ನನಗೆ ಜ್ವರ ಬಂದರೆ ರೊಟ್ಟಿ ತಾವೇ ಬಡಿಯುವವರು. ಕೆಟ್ಟವರಾಗಿದ್ದರೆ ನನಗೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ.

ನಮ್ಮೂರಿನಲ್ಲಿ ಹುಡಿ ನಿಲ್ಲುತ್ತದೆ. ಬೇರೆ ಊರುಗಳಲ್ಲಿ ಗಾಳಿಗೆ ಏಳುತ್ತದೆ, ಗಾಳಿ ನಿಂತರೆ ಬೀಳುತ್ತದೆ. ನಮ್ಮಲ್ಲಿ ಕೆರೆಯ ನೀರಿನ ಹಾಗೆ ಮೊಣಕಾಲ ಮಟ್ಟಕ್ಕೆ ನಿಂತೇ ಇರುತ್ತದೆ. ಬೆಳಿಗ್ಗೆ ಒಂದು ಗೇಣು ಏರುತ್ತದೆ, ಸಂಜೆ ಒಂದು ಗೇಣು ಇಳಿಯುತ್ತದೆ. ಹೊಸ್ತಿಲುಗಳು ತೊಡೆಯೆತ್ತರ, ಅವಕ್ಕೆ ಹೊರಗೆ ಮೂರು ಮೆಟ್ಟಿಲು, ಒಳಗೆ ಮೂರು ಮೆಟ್ಟಿಲು. ಕೋಳಿಗಳು ಗೋಡೆಯ ಗೂಡಿನಲ್ಲೇ ಹುಟ್ಟಿ ಗೂಡಿನಲ್ಲೇ ಮುದಿಯಾಗುತ್ತವೆ. ಬೀದಿಯಲ್ಲಿ ನಾಯಿಗಳ ಬಾಲ ಮಾತ್ರ ಕಾಣುತ್ತದೆ, ಬಾಲ ನೋಡಿಯೇ ಇದು ಯಾರ ಮನೆಯ ನಾಯಿ ಎಂದು ಹೇಳುತ್ತೇವೆ. ಅಂಬೆಗಾಲಿಡುವ ಕೂಸುಗಳ ಸೊಂಟಕ್ಕೆ ಗಂಟೆ ಕಟ್ಟುತ್ತೇವೆ. ಊರು ದಾಟಿದರೆ ಹನ್ನೊಂದು ಮೈಲಿ ಹುಡಿಬಯಲು, ಅಲ್ಲಿ ಎದೆಮಟ್ಟ. ಬಯಲಿನ ನಟ್ಟನಡುವೆ ಒಂದು ಹಳ್ಳ ಹುಡಿಯನ್ನು ಸೀಳಿಕೊಂಡು ರೈಲು ಹಳಿಯ ಮೇಲೆಯೇ ಹರಿಯುತ್ತದೆ, ಬೇಸಿಗೆ ಮಳೆಗಾಲ ಎನ್ನದೆ. ಆಸ್ಪತ್ರೆಗೆ, ಕೋರ್ಟಿಗೆ, ಬೀಗರ ಮನೆಗೆ, ನಾವು ಎಲ್ಲಿಗೆ ಹೋಗಬೇಕಾದರೂ ಆ ಬಯಲು ದಾಟಬೇಕು. ದಾಟಿಸುವುದು ಐದು ಡಬ್ಬಿಯ ರೈಲೊಂದೇ.

ರೈಲು ಎಂದರೆ ಹೊರಗಿನವರು ಇಂಜಿನ್ ನೋಡುತ್ತಾರೆ. ನಾವು ನೋಡುವುದು ಗಾಲಿಯ ಪಕ್ಕದ ಪೆಟ್ಟಿಗೆಯನ್ನು. ಅಚ್ಚಿನ ತುದಿ ಆ ಪೆಟ್ಟಿಗೆಯೊಳಗೆ ಬೇರಿಂಗಿನಲ್ಲಿ ತಿರುಗುತ್ತದೆ. ಡಬ್ಬಿಯ ಭಾರವೆಲ್ಲ ಅದರ ಮೇಲೆ. ಅಚ್ಚು ಒಳಗೆ ಹೋಗುವ ಕಡೆ ಒಂದು ಸಂದು ಇರಲೇಬೇಕು, ಇಲ್ಲದಿದ್ದರೆ ಅದು ತಿರುಗುವುದು ಹೇಗೆ? ಆ ಸಂದಿನಿಂದ ಹುಡಿ ಹೊಕ್ಕರೆ ಬೇರಿಂಗು ಸವೆಯುತ್ತದೆ, ನೀರು ಹೊಕ್ಕರೆ ತುಕ್ಕು ಹಿಡಿಯುತ್ತದೆ. ನಮ್ಮ ಬಯಲಿನಲ್ಲಿ ಮೊದಲು ಹುಡಿ, ಅದರ ಬೆನ್ನಿಗೇ ನೀರು. ಎರಡೂ ಕೂಡಿದರೆ ಗ್ರೀಸು ಸಾಣೆಹಿಟ್ಟಾಗಿ ಉಕ್ಕನ್ನೇ ತಿನ್ನುತ್ತದೆ, ಪೆಟ್ಟಿಗೆ ಕಾದು ಕೆಂಪಾಗುತ್ತದೆ, ಅಚ್ಚು ಮುರಿಯುತ್ತದೆ. ಅದಕ್ಕೇ ಆ ಸಂದಿಗೆ ಬಳೆ ತೊಡಿಸುತ್ತಾರೆ. ಕರಿಕುರಿಯ ಉಣ್ಣೆಯ ಕಂಬಳಿ, ಅದೂ ನೀರು ಮುಟ್ಟಿಸದ್ದು, ಮೂರು ಪದರ ಒತ್ತಿ, ಹರಳೆಣ್ಣೆಯಲ್ಲಿ ನೆನೆಸಿ, ಅಚ್ಚಿನ ಸುತ್ತಳತೆಗೆ ಕತ್ತರಿಸಿ ತೊಡಿಸಬೇಕು. ಹೆಬ್ಬೆರಳಿನಿಂದ ಸುತ್ತ ಸವರಬೇಕು. ಒಂದೆಳೆ ಸಡಿಲವಿದ್ದರೂ ಬಿಚ್ಚಿ ಮತ್ತೆ ಮೊದಲಿನಿಂದ. ಅದರ ಹಿಂದೆ ತೊಗಲಿನದೊಂದು ಬಳೆ, ಎರಡರ ನಡುವೆ ಗ್ರೀಸು. ಒಮ್ಮೆ ಬಯಲು ದಾಟಿ ಬಂದ ಬಳೆ ಮತ್ತೆ ಕೆಲಸಕ್ಕೆ ಬಾರದು. ಈ ಕೆಲಸ ಮಾಡುವವರಿಗೆ ನಮ್ಮಲ್ಲಿ ಮುಚ್ಚುಗಾರರು ಎನ್ನುತ್ತಾರೆ. ಐದು ಡಬ್ಬಿಗೆ ಐದು ಮನೆ.

ಮುಚ್ಚುಗಾರರಿಗೆ ಊರು ಹಾಕಿದ ನಿಯಮ ಒಂದೇ. ಗಾಲಿ ಮುಚ್ಚಿದವನ ಮನೆಯ ಜೀವವೊಂದು ಅವನ ಗಾಲಿಯ ಮೇಲೆ ಕೂತು ಬಯಲು ದಾಟಬೇಕು, ಪ್ರತಿ ಸಲವೂ. ಯಾರು ಹಾಕಿದರು, ಯಾವ ಕಾಲದ್ದು ಎಂದು ಯಾರೂ ಕೇಳಿಲ್ಲ. ಕೂಡಿಸಲು ಯಾರೂ ಇಲ್ಲದವನು ಮುಚ್ಚುಗಾರನಾಗುವಂತಿಲ್ಲ. ಬುಧವಾರ ಬೆಳಿಗ್ಗೆ ರೈಲು ಹೊರಡುವ ಮೊದಲು ಮೇಸ್ತ್ರಿ ತಿರಕಪ್ಪ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಕೂಗುತ್ತಾನೆ: ಇಂಥವನ ಡಬ್ಬಿ, ಅವನ ಮನೆಯ ಇಂಥವರು, ಇಂಥ ಗಾಲಿಯ ಮೇಲೆ. ಕೂಡುವ ಜಾಗಕ್ಕೆ ಅರಿಷಿಣ ಕುಂಕುಮ ಹಚ್ಚಿರುತ್ತಾರೆ. ಅದನ್ನು ಕಂಡ ಮೇಲೆ ಮಂದಿ ನಿಶ್ಚಿಂತೆಯಿಂದ ಹತ್ತಿ ಕೂಡುತ್ತಾರೆ. ತನ್ನ ಹೆಂಡತಿಯನ್ನೇ ಮೇಲೆ ಕೂಡಿಸಿದವನು ಕೆಲಸ ಕೆಡಿಸುತ್ತಾನೆಯೇ ಎಂಬ ಧೈರ್ಯ.

ನನ್ನನ್ನು ನೋಡಲು ಬಂದಾಗ ಇವರ ಕಡೆಯವರು ಹಾಡು ಹೇಳು ಎನ್ನಲಿಲ್ಲ, ಅಡಿಗೆ ಏನೇನು ಬರುತ್ತದೆ ಎನ್ನಲಿಲ್ಲ. ರೈಲಿನಲ್ಲಿ ಕೂತರೆ ತಲೆ ತಿರುಗುತ್ತದೆಯೇ ಎಂದು ಒಂದೇ ಪ್ರಶ್ನೆ ಕೇಳಿ ಎದ್ದರು. ಅಲ್ಲಿಯವರೆಗೆ ಗಾಲಿಯ ಮೇಲೆ ಕೂಡುತ್ತಿದ್ದ ಅತ್ತೆ ದ್ಯಾಮವ್ವನಿಗೆ ಮೊಣಕಾಲು ಮಡಚಲು ಬರದಂತಾಗಿ, ಮನೆಗೊಂದು ಹೆಣ್ಣು ತುರ್ತಾಗಿ ಬೇಕಾಗಿತ್ತು. ಇವರು ಮದುವೆಯಾದದ್ದು ನನ್ನನ್ನಲ್ಲ, ನನ್ನ ತೂಕವನ್ನು ಎಂದು ನಾನು ಆಮೇಲೆ ಚೇಷ್ಟೆ ಮಾಡುತ್ತಿದ್ದೆ. ಹೊರಗಿನ ಊರಿನ ಹೆಣ್ಣು ನಾನು. ಮೊದಲ ಬುಧವಾರ ಹೆದರಿ ಸೆರಗಿನ ತುದಿ ಕಚ್ಚಿಕೊಂಡೇ ಬಯಲು ದಾಟಿದೆ. ಎಡಗಡೆಯ ಮೂರನೇ ಗಾಲಿ. ಅಂದಿನಿಂದ ಪ್ರತಿ ಬುಧವಾರ ಅದೇ ಜಾಗ. ಆಚೆ ದಂಡೆಯ ಛತ್ರದಲ್ಲಿ ಐದು ದಿನ, ಸೋಮವಾರ ಮಧ್ಯಾಹ್ನ ಅದೇ ರೈಲಿಗೆ ವಾಪಸ್ಸು. ವಾರದಲ್ಲಿ ನಾನು ಗಂಡನ ಜೊತೆ ಬಾಳಿದ್ದು ಎರಡು ದಿನ. ಅದಕ್ಕೇ ಜಗಳವಾಡಲು ಪುರುಸೊತ್ತಾಗಲಿಲ್ಲ ಎಂದು ನೆರೆಯವರು ನಗುತ್ತಿದ್ದರು.

ಎರಡು ವರ್ಷದಲ್ಲಿ ಹೆದರಿಕೆ ಹೋಯಿತು, ಅದರ ಜಾಗಕ್ಕೆ ಸೊಕ್ಕು ಬಂತು. ಸೊಕ್ಕಲ್ಲದೆ ಮತ್ತೇನು? ನನ್ನ ಗಾಲಿ ಬೆಣ್ಣೆಯ ಮೇಲೆ ಬೆರಳಾಡಿದಂತೆ ತಿರುಗುತ್ತಿತ್ತು. ಕಾಲಡಿಯ ಹಲಗೆ ಒಮ್ಮೆಯೂ ಬೆಚ್ಚಗಾಗಲಿಲ್ಲ. ಆ ಒಂಬತ್ತು ವರ್ಷದಲ್ಲಿ ಬೇರೆಯವರ ಡಬ್ಬಿಗಳು ಮೂರು ಸಲ ಬಯಲಿನಲ್ಲಿ ಮುರಿದು ಬಿದ್ದವು. ಮೂರೂ ಸಲ ಸೇರಿ ಹದಿನಾಲ್ಕು ಮಂದಿ ಸತ್ತರು. ಕೂಡುವ ಮನೆಯವರಿಗೆ ಮಾತ್ರ ಒಂದು ಗೀರೂ ಆಗಲಿಲ್ಲ. ಗಾಲಿ ಕಾಯುವವರ ಪುಣ್ಯ ದೊಡ್ಡದು, ಉಳಿದದ್ದು ಬಯಲಿನ ಪಾಲು ಎಂದು ಮಂದಿ ಕೈಮುಗಿದರು. ನಾನೂ ಕೈಮುಗಿಸಿಕೊಂಡೆ. ಎದುರು ಬಂದ ಮುದುಕಿಯರು ನನ್ನ ಕಾಲು ಮುಟ್ಟಲು ಬಗ್ಗಿದಾಗ ಬೇಡ ಬೇಡ ಎನ್ನುತ್ತಲೇ ನಿಂತಿರುತ್ತಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆ ಬುಧವಾರ ಡಬ್ಬಿ ತುಂಬಿತ್ತು. ನಾನು ಅರಿಷಿಣದ ಗುರುತಿನ ಮೇಲೆ ಕೂತು ಎಲೆಯಡಿಕೆ ಮಡಚುತ್ತಿದ್ದೆ. ಆಚೆಯ ಆಸ್ಪತ್ರೆಗೆ ಹೊರಟಿದ್ದ ಹುಸೇನಬಿ ಎಂಬ ವಯಸ್ಸಾದ ಹೆಂಗಸನ್ನು ಇಬ್ಬರು ಎತ್ತಿ ತಂದರು. ಬಲಗಾಲಿಗೆ ತೊಡೆಯವರೆಗೆ ಪಟ್ಟಿ ಕಟ್ಟಿತ್ತು. ಆ ಕಾಲು ಚಾಚಲು ಜಾಗವಿದ್ದದ್ದು ನನ್ನ ಬೆಂಚಿನ ಮುಂದೆ ಮಾತ್ರ. ಮುಚ್ಚುಗಾರರ ಮನೆಯವರು ಜಾಗ ಬಿಟ್ಟು ಏಳುವುದಿಲ್ಲ. ಏಳಬಾರದು ಎಂದಲ್ಲ, ಎದ್ದವರನ್ನು ಯಾರೂ ಕಂಡಿರಲಿಲ್ಲ. ಆದರೆ ನನ್ನ ತವರಿನಲ್ಲಿ ನೋವಿನವರು ನಿಂತಿರುವಾಗ ಕೂತಿರುವ ರೂಢಿಯಿಲ್ಲ. ಎದ್ದೆ. ಇವರ ಗಾಲಿಗಳು ಎಂಟು. ಎಂಟರಲ್ಲಿ ಯಾವುದರ ಮೇಲೆ ಕೂತರೂ ಗಂಡನ ಗಾಲಿಯ ಮೇಲೇ ಕೂತಂತಾಯಿತಲ್ಲ, ನಿಯಮ ಎಲ್ಲಿ ಮುರಿಯಿತು ಎಂದು ನನ್ನ ಲೆಕ್ಕ. ಬಲಗಡೆಯ ಕೊನೆಯ ಗಾಲಿಯ ಮೇಲೆ ಸ್ವಲ್ಪ ಜಾಗ ಸಿಕ್ಕಿತು.

ಅಲ್ಲಿ ಪಕ್ಕದಲ್ಲಿ ಕೂತಿದ್ದವನು ನಮ್ಮೂರಿನದೇ ಸಿಂಪಿಗ ಮುರಿಗೆಪ್ಪ. ಹೊಲಿಗೆಯಂತ್ರದ ತಲೆಯನ್ನು ಟವೆಲ್ಲಿನಲ್ಲಿ ಸುತ್ತಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ; ರಿಪೇರಿಗೆ ಒಯ್ಯುತ್ತಿದ್ದ. ನನ್ನ ಕುಪ್ಪಸದ ತೋಳಿನ ಹೊಲಿಗೆ ನೋಡಿ ಇದು ಯಾರು ಹೊಲಿದದ್ದು, ಎತ್ತಿನ ಗಾಡಿಯ ದಾರಿಯ ಹಾಗಿದೆ ಎಂದು ಕಿಚಾಯಿಸಿದ. ನಾನೇ ಹೊಲಿದದ್ದು ಎಂದಾಗ ನಾಲಿಗೆ ಕಚ್ಚಿಕೊಂಡ. ಬಯಲು ಬರುತ್ತಲೇ ಕಿಟಕಿ ಮುಚ್ಚಿ ಒದ್ದೆ ಬಟ್ಟೆ ಇಳಿಬಿಟ್ಟೆವು. ಹಳ್ಳದ ನೀರು ಗಾಲಿಗೆ ಸಿಡಿಯುವ ಸದ್ದು ಬಂತು, ಹೋಯಿತು. ಆಮೇಲೆ ನನ್ನ ಅಂಗಾಲು ಬೆಚ್ಚಗಾಯಿತು.

ನಾನು ಕಾಲು ಎತ್ತಿ ಮತ್ತೆ ಊರಿದೆ. ಮುರಿಗೆಪ್ಪ ಚಪ್ಪಲಿ ಬಿಚ್ಚಿ ಹಲಗೆ ಮುಟ್ಟಿ ನೋಡಿದ. ಅವನ ಮುಖದಲ್ಲಿ ಅಳುಕು ಕಂಡಿತು. ಎದ್ದು ನಿಂತು, ಆಚೆ ಡಬ್ಬಿಗೆ ಹೋಗೋಣವೇ ಎಂದು ಕೇಳಿದ. ಆಗ ನಾನು ಹೇಳಿದ ಮಾತು, ಸಾಯುವವರೆಗೂ ನನ್ನ ನಾಲಿಗೆಯ ಮೇಲೆ ಕೂತಿರುವ ಮಾತು, ಇದು:

“ಅಂಜಬ್ಯಾಡ್ರಿ ಮುರಿಗೆಪ್ಪಣ್ಣ. ಇದು ನಮ್ಮನಿಯವರು ಮುಚ್ಚಿದ ಗಾಲಿ. ಒಂಬತ್ತು ವರ್ಸದಾಗ ಒಮ್ಮೆನೂ ಕಾದಿಲ್ಲ.”

ಅವನು ನನ್ನನ್ನು ನಂಬಿ ಮತ್ತೆ ಕೂತ. ಚಪ್ಪಲಿ ಹಾಕಿಕೊಂಡ. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಉಣ್ಣೆ ಸುಡುವ ವಾಸನೆ ಬಂತು. ಕಂಬಳಿಯ ವಾಸನೆ ನನಗೆ ನನ್ನ ಬೆವರಿಗಿಂತ ಚೆನ್ನಾಗಿ ಗೊತ್ತು. ಏಳಿ ಎಂದು ಕೂಗಿದೆನೋ, ಕೂಗಬೇಕು ಅಂದುಕೊಂಡೆನೋ ತಿಳಿಯದು. ಕೆಳಗಿನಿಂದ ಕಬ್ಬಿಣ ಕಿರುಚಿತು, ಡಬ್ಬಿಯ ಆ ಮೂಲೆ ಒಮ್ಮೆಲೇ ಕುಸಿಯಿತು, ಹಲಗೆ ಬಾಯಿಬಿಟ್ಟಿತು. ನನ್ನ ಹಣೆ ಬೆಂಚಿನ ಕಂಬಿಗೆ ಬಡಿದು ನಾನು ಮೇಲೆಯೇ ಸಿಕ್ಕಿಕೊಂಡು ಉಳಿದೆ. ಮುರಿಗೆಪ್ಪ ಯಂತ್ರದ ತಲೆಯನ್ನು ಬಿಡಲಿಲ್ಲ. ಅದನ್ನು ತಬ್ಬಿಕೊಂಡೇ ಬಾಗಿಲಿನಿಂದ ಹುಡಿಯೊಳಗೆ ಜಾರಿದ. ಹುಡಿ ಅವನ ಮೇಲೆ ಮುಚ್ಚಿಕೊಂಡಿತು. ಬಿದಿರು ಗಳ ಹಾಕಿ ತಾಸುಗಟ್ಟಲೆ ತಡಕಿದ ಮೇಲೆ ಅವನನ್ನು ಎತ್ತಿದರು. ಟವೆಲ್ಲು ಬಿಚ್ಚಿರಲಿಲ್ಲ.

ಉಳಿದವರನ್ನು ಮುಂದಿನ ಡಬ್ಬಿಗೆ ದಾಟಿಸಿದರು. ಹುಸೇನಬಿಯನ್ನು ಅಲುಗಿಸಲಾಗದೆ ಅಲ್ಲಿಯೇ ಬಿಟ್ಟಿದ್ದರು. ಎಡಗಡೆಯ ಆ ಜಾಗ ಅಷ್ಟೇನೂ ವಾಲಿರಲಿಲ್ಲ. ನಾನು ಹಣೆಗೆ ಬಟ್ಟೆ ಒತ್ತಿಕೊಂಡು ಅವಳ ಹಿಂದಿನ ಬೆಂಚಿನಲ್ಲಿ ಕೂತೆ. ಊರಿನಿಂದ ತಳ್ಳುಗಾಡಿಯಲ್ಲಿ ಮುಚ್ಚುಗಾರರು ಬಂದರು. ಎಲ್ಲರಿಗಿಂತ ಮುಂದೆ ಫಕ್ಕೀರಪ್ಪ, ಮೂಗುಬಾಯಿಗೆ ಬಟ್ಟೆಯೂ ಇಲ್ಲ, ರೆಪ್ಪೆಯ ಮೇಲೆಲ್ಲ ಹುಡಿ. ಡಬ್ಬಿಯ ಮುರಿದ ಮೂಲೆಯನ್ನು ಅವರು ತಿರುಗಿಯೂ ನೋಡಲಿಲ್ಲ. ನೇರ ಎಡಗಡೆಯ ಮೂರನೇ ಗಾಲಿಗೆ ಬಂದರು. ಅಲ್ಲಿ ಹುಸೇನಬಿಯನ್ನು ಕಂಡು, ಇಲ್ಲಿದ್ದಾಕಿ ಎಲ್ಲಿ ಎಂದು ಆ ನೊಂದ ಮುದುಕಿಯ ಮೇಲೆ ಹರಿಹಾಯ್ದರು. ಹಿಂದಿನಿಂದ ನಾನು ಕರೆದೆ, ಮುರಿದ ಮೂಲೆಯ ಕಡೆ ಕೈ ತೋರಿಸಿ ಅಲ್ಲಿ ಕೂತಿದ್ದೆ ಎಂದೆ. ಅವರು ನನ್ನ ಹಣೆಯ ರಕ್ತ ನೋಡಿದರು. ನೆಲದ ಮೇಲೆ ಕೂತು ನನ್ನ ಎರಡೂ ರಟ್ಟೆ ಹಿಡಿದು ಅಲುಗಿಸಿದರು.

“ಆ ಗಾಲಿ ಮ್ಯಾಲ ಯಾಕ ಕುಂತಿ? ಆ ಗಾಲಿ ಮ್ಯಾಲ ಕೂಡಂತ ಯಾರು ಹೇಳಿದ್ರು ನಿನಗ?”

ಮೊದಲು ನನಗೆ ಅದು ಪ್ರೀತಿಯ ಮಾತಾಗಿ ಕೇಳಿತು. ಗಾಬರಿಯಲ್ಲಿ ಗಂಡಸು ಹೀಗೆ ಗದರುವುದುಂಟು. ಅವರ ತಲೆ ಸವರಿದೆ, ನನಗೇನೂ ಆಗಿಲ್ಲ ಅಂದೆ. ಅವರು ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಆ ಗಾಲಿ, ಆ ಗಾಲಿ. ನನ್ನ ಕೈ ಅವರ ತಲೆಯ ಮೇಲೆಯೇ ನಿಂತಿತು. ಮನುಷ್ಯ ಇಷ್ಟು ಹೊತ್ತಿನಲ್ಲಿ, ಗಾಲಿ ಯಾಕೆ ಮುರಿಯಿತು ಎಂದು ಒಮ್ಮೆಯಾದರೂ ಕೇಳಬೇಕಿತ್ತಲ್ಲ. ಅದು ಕೆಟ್ಟದ್ದು ಅವರಿಗೆ ಆಶ್ಚರ್ಯವೇ ಅಲ್ಲ. ನಾನು ಅದರ ಮೇಲಿದ್ದದ್ದು ಆಶ್ಚರ್ಯ. ಮೈಯೊಳಗೆ ಏನೋ ಆರಿಹೋಯಿತು, ಒಲೆಗೆ ನೀರು ಹೊಯ್ದ ಹಾಗೆ.

ತಳ್ಳುಗಾಡಿಯಲ್ಲೇ ನನ್ನನ್ನು ಊರಿಗೆ ಕರೆತಂದರು. ಮರುದಿನ ಮುರಿಗೆಪ್ಪನ ಮಣ್ಣು ಮುಗಿಯಿತು. ಅವನ ಹೆಂಡತಿ ನನ್ನ ಹಣೆಯ ಗಾಯ ನೋಡಿ, ನೀನಾದರೂ ಉಳಿದೆಯಲ್ಲ ತಾಯಿ, ನಿನ್ನ ಪುಣ್ಯ ಎಂದು ನನ್ನ ಕೈ ಹಿಡಿದಳು. ಅವನು ಎದ್ದು ಹೋಗುತ್ತಿದ್ದ, ಕೂಡಿಸಿದವಳು ನಾನು ಎಂದು ಅವಳಿಗೆ ಹೇಳಲಿಲ್ಲ. ಮನೆಗೆ ಬಂದವಳೇ, ಅಂಗಳದಲ್ಲಿ ಬಿಚ್ಚಿ ತಂದಿಟ್ಟಿದ್ದ ಎಂಟು ಪೆಟ್ಟಿಗೆಗಳನ್ನು ಬಾಯಿ ತೆಗೆದು ತೋರಿಸಿ ಎಂದು ಪಟ್ಟು ಹಿಡಿದೆ. ಅವರು ಇಲ್ಲವೆನ್ನಲಿಲ್ಲ. ಮೊದಲು ನನ್ನದನ್ನೇ ತೆರೆದರು. ಒಳಗೆ ಗ್ರೀಸು ಹಸುವಿನ ಬೆಣ್ಣೆಯ ಬಣ್ಣಕ್ಕಿತ್ತು. ಒಂದು ಕಣ ಹುಡಿಯಿಲ್ಲ, ಒಂದು ಹನಿ ನೀರಿಲ್ಲ. ಬಳೆಯ ಅಂಚು ಹೊಸ ರೊಟ್ಟಿಯ ಅಂಚಿನ ಹಾಗೆ ದುಂಡಗಿತ್ತು. ಉಳಿದ ಏಳನ್ನು ನಾನೇ ತೆರೆದೆ. ಒಂದರಲ್ಲಿ ಹೋದ ತಿಂಗಳ ಬಳೆ, ಮತ್ತೊಂದರಲ್ಲಿ ಬರೀ ಗೋಣಿಚೀಲದ ಚೂರು. ಹೊರಗಿನಿಂದ ಕಾಣದ ಹಾಗೆ ಮೇಲೆ ಮಾತ್ರ ಹೊಸ ಗ್ರೀಸು ಮೆತ್ತಿತ್ತು. ಕೊನೆಯದು ಸುಟ್ಟು ಇದ್ದಿಲಾಗಿತ್ತು, ಅದರ ಒಳಗೆ ಕೈ ಹಾಕಲಾಗಲಿಲ್ಲ.

ಎಷ್ಟು ವರ್ಷದಿಂದ ಎಂದು ಕೇಳಿದೆ. ಅವರು ನನ್ನನ್ನು ಮಗುವನ್ನು ನೋಡಿದ ಹಾಗೆ ನೋಡಿದರು. ಒಂದು ಒಳ್ಳೆಯ ಬಳೆಗೆ ಅರ್ಧ ದಿನ ಬೇಕು, ಎಂಟಕ್ಕೆ ನಾಲ್ಕು ದಿನ. ಅಚ್ಚು ಕಣ್ಣ ಮುಂದಿಲ್ಲದೆ ಬಳೆ ಅಳತೆಗೆ ಬಾರದು. ರೈಲು ಬರುವುದು ಸೋಮವಾರ ಮಧ್ಯಾಹ್ನ, ಹೋಗುವುದು ಬುಧವಾರ ಬೆಳಿಗ್ಗೆ. ನಡುವೆ ಎಷ್ಟು ಬಳೆ ಆದೀತು ಎಂದು ನನ್ನನ್ನೇ ಕೇಳಿದರು. ಮನಸ್ಸಿಟ್ಟು ಮಾಡಿದರೆ ಒಂದು ಚೊಕ್ಕ, ಇನ್ನೊಂದು ಎರಡು ಹಾಗೂ ಹೀಗೂ. ಉಳಿದವು ದೇವರ ಮೇಲೆ. ನಿಯಮ ಗಾಲಿಯ ಮೇಲೆ ಕೂಡಬೇಕು ಎಂದಿದೆ, ಯಾವ ಗಾಲಿ ಎಂದು ಹೇಳಿಲ್ಲ. ಇಷ್ಟನ್ನು ಅವರು ತಲೆ ತಗ್ಗಿಸಿ, ಯಾರದೋ ಸುದ್ದಿ ಹೇಳಿದಂತೆ ಹೇಳಿದರು. ಆಮೇಲೆ ತಲೆಯೆತ್ತಿದರು. ಕಣ್ಣು ತುಂಬಿತ್ತು.

“ನಿನ್ನ ಗಾಲಿ ಒಂದಿನಾನೂ ಕೆಡಿಸಿಲ್ಲ ಕಸ್ತೂರಿ. ನನಗ ಜ್ವರ ಇದ್ದಾಗೂ ಕೆಡಿಸಿಲ್ಲ. ಬೇಕಾರ ಆಣಿ ಮಾಡ್ತೀನಿ.”

ಆಣೆ ಬೇಕಿರಲಿಲ್ಲ. ಅದು ನಿಜ ಎಂದು ಆ ಬಳೆ ನೋಡಿದರೇ ತಿಳಿಯುತ್ತಿತ್ತು. ಒಂಬತ್ತು ವರ್ಷ, ವಾರಕ್ಕೊಂದರಂತೆ, ಒಬ್ಬ ಗಂಡಸು ಒಬ್ಬ ಹೆಂಗಸಿಗೆ ಅಷ್ಟು ಕಸುಬಿನ ಬಳೆ ತೊಡಿಸಿದ್ದು ನಾನು ಎಲ್ಲಿಯೂ ಕೇಳಿಲ್ಲ. ಅದೇ ನನ್ನನ್ನು ಕೊಂದಿತು. ನನ್ನ ಮೇಲೆ ಪ್ರೀತಿಯಿಲ್ಲದಿದ್ದರೆ ಎಂಟನ್ನೂ ಒಂದೇ ಸಮ ಮಾಡುತ್ತಿದ್ದರೇನೋ. ಎಲ್ಲವೂ ಅಷ್ಟಕ್ಕಷ್ಟೆ ಆಗಿ, ಅಷ್ಟಕ್ಕಷ್ಟೆಯಲ್ಲೂ ಮುರಿಗೆಪ್ಪ ಆ ದಿನ ದಾಟುತ್ತಿದ್ದನೇನೋ.

ಅತ್ತೆ ಒಳಮನೆಯಲ್ಲಿ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದರು. ಇವರ ಮೇಲಿನ ದೂರನ್ನು ತಾಯಿಯ ಮುಂದಲ್ಲದೆ ಯಾರ ಮುಂದೆ ಹೇಳಲಿ? ಅವರ ಪಕ್ಕ ಕುಸಿದು ಕೂತು ಎಲ್ಲ ಹೇಳಿದೆ. ಅವರು ಮೊರದಿಂದ ಕೈ ತೆಗೆಯಲಿಲ್ಲ. ಕಲ್ಲೊಂದನ್ನು ಆರಿಸಿ ಬದಿಗಿಟ್ಟು ಹೇಳಿದರು:

“ನಾನೂ ಹತ್ತೊಂಬತ್ತು ವರ್ಸ ಕುಂತೀನಿ. ನಿಮ್ಮ ಮಾವನೂ ಹಿಂಗ ಮಾಡ್ತಿದ್ದ. ಐದೂ ಮನ್ಯಾಗ ಹಿಂಗ. ನಿನಗ ಗೊತ್ತಿಲ್ಲಂತ ನನಗ ಗೊತ್ತಿರಲಿಲ್ಲ ಬಿಡು.”

ನಾನು ಅವರ ಮುಖ ನೋಡಿದೆ. ಮನೆಯಲ್ಲಿದ್ದ ದಿನ ನನ್ನ ತಲೆ ಬಾಚುತ್ತಿದ್ದವರ ಮುಖ ಅದು. ಅದರಲ್ಲಿ ಕಳ್ಳತನವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ನಮ್ಮ ಮುಚ್ಚುಗಾರರ ಓಣಿಯಲ್ಲಿ ಇದು ಮಾತಾಡುವ ವಿಷಯವೇ ಅಲ್ಲ, ಎಲ್ಲರ ಮನೆಯ ದೋಸೆಯೂ ತೂತೇ ಎನ್ನುವ ಹಾಗೆ. ಊರಿಗೆ ತಿಳಿದರೆ ಎಂದು ಕೇಳಿದೆ. ಊರಿಗೆ ತಿಳಿದರೆ ಯಾರೂ ರೈಲು ಹತ್ತುವುದಿಲ್ಲ, ರೈಲು ಇಲ್ಲದಿದ್ದರೆ ಹುಡಿಯಲ್ಲಿ ಊರೇ ಹೂತುಹೋಗುತ್ತದೆ. ನಂಬಿಕೆಯ ಮೇಲೆ ನಡೆಯುತ್ತಿದೆ, ನಡೆಯಲಿ ಬಿಡು ಎಂದರು. ಹದಿನಾಲ್ಕು ಮಂದಿ ಎಂದೆ. ಈಗ ಹದಿನೈದು ಎಂದು ಅವರೇ ತಿದ್ದಿದರು.

ಮುರಿದ ಡಬ್ಬಿಗೆ ಬದಲಾಗಿ ಆಚೆಯಿಂದ ಬೇರೆ ಡಬ್ಬಿ ಬಂತು. ಸೋಮವಾರ ಮಧ್ಯಾಹ್ನ ಇವರು ಕೆಲಸಕ್ಕೆ ಕೂತರು. ಆ ಎರಡು ದಿನ ನಾನು ಅವರೊಡನೆ ಮಾತಾಡಲಿಲ್ಲ. ಊರಿನವರಿಗೆ ಕೂಗಿ ಹೇಳಿಬಿಡಲೇ ಅಂದುಕೊಂಡೆ. ಇವರ ಕೆಲಸ ಹೋಗುತ್ತದೆ, ಇವರ ಬದಲು ಬಂದವನೂ ತನ್ನ ಹೆಂಡತಿಯ ಗಾಲಿಯನ್ನೇ ಮುಚ್ಚುತ್ತಾನೆ. ತವರಿಗೆ ಹೋಗಿಬಿಡಲೇ ಅಂದುಕೊಂಡೆ. ಅತ್ತೆಯನ್ನು ಹೊತ್ತು ತಂದಾದರೂ ಮೂರನೇ ಗಾಲಿಯ ಮೇಲೆ ಕೂಡಿಸುತ್ತಾರೆ. ನಾನೇ ಅಡ್ಡ ಬಿದ್ದರೂ ಏಳು ಗಾಲಿಗಳ ಮೇಲೆ ಕೂಡುವವರು ಕೂಡುತ್ತಲೇ ಇರುತ್ತಾರೆ. ಬೇಡವೆಂದರೂ ಕಣ್ಣ ಮುಂದೆ ಆ ಟವೆಲ್ಲು ಬರುತ್ತಿತ್ತು. ಬುಧವಾರ ಬೆಳಗಿನವರೆಗೂ ನಾನು ಏನೂ ತೀರ್ಮಾನಿಸಿರಲಿಲ್ಲ, ಇದು ಸತ್ಯ. ತಲೆಗೆ ಎರೆದುಕೊಂಡು, ಹಣೆಯ ಪಟ್ಟಿಯ ಮೇಲೆಯೇ ಕುಂಕುಮ ಇಟ್ಟುಕೊಂಡು ಠೇಶನ್ನಿಗೆ ಹೋದೆ.

ಪ್ಲಾಟ್‌ಫಾರ್ಮಿನಲ್ಲಿ ಎಂದಿಗಿಂತ ಹೆಚ್ಚು ಮಂದಿ. ಹೋದ ವಾರ ಆದದ್ದು ಆಯಿತು, ಇನ್ನು ಕೆಲವು ವರ್ಷ ಬಯಲು ಕೇಳುವುದಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ನನ್ನ ಡಬ್ಬಿಯ ಬಾಗಿಲಲ್ಲಿ ಹೊಸ ಮದುಮಗಳೊಬ್ಬಳು ಅಕ್ಕಂದಿರ ಜೊತೆ ನಗುತ್ತ ನಿಂತಿದ್ದಳು. ಮೇಸ್ತ್ರಿ ತಿರಕಪ್ಪ ಕೂಗಿದ: ಫಕ್ಕೀರಪ್ಪನ ಡಬ್ಬಿ, ಹೆಂಡತಿ ಕಸ್ತೂರೆವ್ವ, ಎಡಗಡೆಯ ಮೂರನೇ ಗಾಲಿ. ಫಕ್ಕೀರಪ್ಪ ಬಾಗಿಲ ಬಳಿ ಕೈಯೊರೆಸಿಕೊಳ್ಳುತ್ತ ನಿಂತಿದ್ದರು. ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು: ಚೆನ್ನಾಗಿ ಮಾಡಿದ್ದೇನೆ, ಕೂಡು ಎಂದು. ಅವರು ಮುಚ್ಚಿಟ್ಟದ್ದಕ್ಕಿಂತ ಆ ತಲೆಯಾಡಿಸಿದ್ದನ್ನು ನನಗೆ ತಾಳಲಾಗಲಿಲ್ಲ.

“ಕೂಡತೀನಿ ಮೇಸ್ತ್ರಿಗಳ. ಯಾವ ಗಾಲಿ ಮ್ಯಾಲ ಅಂತ ಮಾತ್ರ ಹೇಳೂದಿಲ್ಲ. ಕಿಟಕಿ ಮುಚ್ಚಿ, ಪಡದಿ ಬಿಟ್ಟ ಮ್ಯಾಲ ನನಗ ಬೇಕಾದಲ್ಲಿ ಕೂಡತೀನಿ.”

ಕೆಲವರು ನಕ್ಕರು. ತಿರಕಪ್ಪ ಅದರಲ್ಲಿ ಏನಿದೆ, ಎಲ್ಲ ಅವನು ಮುಚ್ಚಿದ ಗಾಲಿಗಳೇ ತಾನೇ ಎಂದು ಕೈ ಬೀಸಿದ. ಹೌದಲ್ಲವೇ, ಎಲ್ಲ ಇವರು ಮುಚ್ಚಿದ ಗಾಲಿಗಳೇ ಎಂದು ನಾನೂ ಇವರ ಮುಖ ನೋಡುತ್ತ ಹೇಳಿದೆ. ನಾನು ಬೇರೇನೂ ಹೇಳಲಿಲ್ಲ. ಇವರ ಮೇಲೆ ಒಂದು ದೂರು ಹೊರಿಸಲಿಲ್ಲ. ಏಳು ಗಾಲಿಗಳಲ್ಲಿ ಯಾವುದರ ಪೆಟ್ಟಿಗೆಯಲ್ಲಿ ಗೋಣಿಚೂರಿದೆಯೋ ನನಗೆ ಗೊತ್ತಿರಲಿಲ್ಲ, ಮತ್ತು ನಾನು ನಿಜವಾಗಿಯೂ ಹತ್ತುವವಳಿದ್ದೆ. ಮೆಟ್ಟಿಲ ಮೇಲೆ ಕಾಲಿಟ್ಟೆ.

ಫಕ್ಕೀರಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಅವರು ಬಗ್ಗಿ ಮೊದಲನೇ ಗಾಲಿ ನೋಡಿದರು, ಎರಡನೆಯದನ್ನು ನೋಡಿದರು, ಸುತ್ತಿ ಆಚೆ ಹೋಗಿ ಬಂದರು. ಇಂಜಿನ್ ಸೀಟಿ ಹೊಡೆಯಿತು. ಆಗ ಆ ಮನುಷ್ಯ ಊರೆಲ್ಲ ನೋಡುತ್ತಿದ್ದಂತೆ ರೈಲಿನ ಮುಂದೆ ಹಳಿಯ ಮೇಲೆ ಹೋಗಿ ನಿಂತು, ಎರಡೂ ಕೈ ಎತ್ತಿ, ನನ್ನ ಡಬ್ಬಿ ಹೋಗುವುದಿಲ್ಲ, ಇನ್ನೂ ಮುಚ್ಚಿಲ್ಲ ಎಂದರು. ಎಷ್ಟು ಮುಚ್ಚಿಲ್ಲ ಎಂದು ತಿರಕಪ್ಪ ಕೇಳಿದ.

“ಏಳು.”

ಮದುಮಗಳು ಮೆಟ್ಟಿಲ ಮೇಲಿನಿಂದ ಮೆಲ್ಲಗೆ ಕೆಳಗಿಳಿದಳು. ಯಾರೋ ಮುರಿಗೆಪ್ಪನ ಹೆಸರು ಹೇಳಿದರು, ಅದು ಬಾಯಿಂದ ಬಾಯಿಗೆ ಹೋಯಿತು. ಕಲ್ಲು ಬಿದ್ದಾವು ಎಂದು ನಾನು ಇವರ ಬಳಿಗೆ ಓಡುವವಳಿದ್ದೆ. ಆದರೆ ಮಂದಿಯ ಕಣ್ಣು ಆಗಲೇ ಉಳಿದ ನಾಲ್ಕು ಡಬ್ಬಿಗಳ ಕಡೆ ತಿರುಗಿತ್ತು. ಪಕ್ಕದ ಡಬ್ಬಿಯಲ್ಲಿ ಅರಿಷಿಣದ ಗುರುತಿನ ಮೇಲೆ ಕೂತಿದ್ದ ರತ್ನವ್ವ ಕಿಟಕಿಯಿಂದ ನನ್ನನ್ನು ನೋಡಿದಳು. ಹದಿನಾರು ವರ್ಷ ಕೂತವಳು. ಎದ್ದಳು, ಸೆರಗು ಸರಿಮಾಡಿಕೊಂಡಳು, ಗಂಡನಿಗೆ ಕೇಳುವ ಹಾಗೆ, ತಾನು ಎಲ್ಲಿ ಕೂಡುವುದೆಂದು ಇನ್ನೂ ಗೊತ್ತಿಲ್ಲ ಎಂದಳು. ಅವನೂ ಚೀಲದಿಂದ ಕಂಬಳಿ ಕತ್ತರಿಸುವ ಚಾಕು ತೆಗೆದು ಕೆಲಸಕ್ಕೆ ಕೂತ. ಆ ದಿನ ರೈಲು ಹೋಗಲಿಲ್ಲ. ಗುರುವಾರವೂ ಹೋಗಲಿಲ್ಲ. ಕೋರ್ಟಿನ ತಾರೀಖು ತಪ್ಪಿದವರು ಬೈದರು, ಆಸ್ಪತ್ರೆಗೆ ಹೋಗಬೇಕಾದ ಒಬ್ಬ ಮುದುಕ ದಾಟಲಾಗದೆ ಶುಕ್ರವಾರ ತೀರಿಕೊಂಡ. ಅವನ ಮಗ ನಮ್ಮ ಬಾಗಿಲಿಗೆ ಬಂದು ಹುಡಿ ತೂರಿ ಹೋದ. ಅದೂ ನನ್ನ ಲೆಕ್ಕಕ್ಕೇ ಎಂದು ನನಗೆ ಗೊತ್ತು.

ನಾಲ್ಕು ದಿನ ಇವರು ಹಳಿಯ ಪಕ್ಕದಿಂದ ಏಳಲಿಲ್ಲ. ನಾನು ರೊಟ್ಟಿ ಒಯ್ದು ದೂರದಲ್ಲಿಟ್ಟು ಬರುತ್ತಿದ್ದೆ. ಮೂರನೇ ದಿನ ಒಮ್ಮೆ ತಲೆಯೆತ್ತಿ, ಒಂದನ್ನಾದರೂ ಹೇಳು, ಎಡವೋ ಬಲವೋ ಎಂದು ಬೇಡಿದರು. ಕಣ್ಣು ಕೆಂಪಾಗಿ, ಹೆಬ್ಬೆರಳಿನ ಚರ್ಮ ಸುಲಿದಿತ್ತು. ನಾನು ರೊಟ್ಟಿಯ ಗಂಟನ್ನು ಅಲ್ಲಿಟ್ಟೆ. ಹೇಳಲಿಲ್ಲ.

ರವಿವಾರ ಬೆಳಿಗ್ಗೆ ನಾವು ಹತ್ತಿದೆವು. ಕಿಟಕಿಗಳು ಮುಚ್ಚಿದವು, ಒದ್ದೆ ಬಟ್ಟೆಗಳು ಇಳಿದವು. ಹೊರಗೆ ಇವರು ಮೊಣಕಾಲುದ್ದದ ಹುಡಿಯಲ್ಲಿ ಬಗ್ಗಿ, ಒಂದೊಂದೇ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಹೋಗುತ್ತಿದ್ದದ್ದು ಬಟ್ಟೆಯ ಅಂಚಿನಲ್ಲಿ, ಕಿಟಕಿಯ ಸಂದಿನಿಂದ ಕಂಡಿತು. ಎಡಗಡೆ ನಾಲ್ಕು ಮುಗಿಸಿ ಬಲಗಡೆಗೆ ಬಂದರು. ರೈಲು ಕದಲಿದ ಮೇಲೂ ಪಕ್ಕದಲ್ಲೇ ಹೆಜ್ಜೆ ಹಾಕುತ್ತ, ಮುಚ್ಚಿದ ಕಿಟಕಿಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದರು. ಪ್ರತಿಯೊಂದರ ಹಿಂದೆಯೂ ನಾನಿದ್ದೇನೆ ಎಂಬಂತೆ ನೋಡುತ್ತಿದ್ದರು. ರೈಲು ಆ ಬಯಲನ್ನು ಸುಖವಾಗಿ ದಾಟಿತು. ಅಂದು ನಾನು ಎಲ್ಲಿ ಕೂತಿದ್ದೆ ಎಂದು ಅವರಿಗೆ ಇಂದಿಗೂ ಹೇಳಿಲ್ಲ.